ಅಲ್ಸಾಸ್ ವೈನ್: ಲೇಬಲ್ ಹೇಳುವುದೇನು, ಹೇಳದೆ ಬಿಡುವುದೇನು

ಫ್ರಾನ್ಸಿನ ವೈನ್ ಬಾಟಲಿಯ ಮೇಲೆ ಹೊಸಬರಿಗೆ ಮೊದಲು ಕಾಣುವುದು ಊರಿನ ಹೆಸರು. ಶಾಬ್ಲಿ, ಪೊಮ್ಮಾರ್, ಸಾನ್ಸೇರ್ ಎಲ್ಲವೂ ಊರುಗಳೇ. ಒಳಗಿರುವುದು ಯಾವ ದ್ರಾಕ್ಷಿ ಎಂದು ಲೇಬಲ್ ಸಾಮಾನ್ಯವಾಗಿ ಬಾಯಿ ಬಿಡುವುದಿಲ್ಲ. ಗೊತ್ತಿದ್ದವರು ಕೊಳ್ಳುತ್ತಾರೆ, ಗೊತ್ತಿಲ್ಲದವರು ಕಲಿತು ಬರಲಿ ಎನ್ನುವ ಧೋರಣೆ ಅದು. ಇದಕ್ಕೆ ಹೊರತಾಗಿ ನಿಂತಿರುವುದು ದೇಶದ ಈಶಾನ್ಯ ಮೂಲೆಯಲ್ಲಿ ಜರ್ಮನಿಗೆ ಮೈತಾಗಿಸಿಕೊಂಡಿರುವ ಅಲ್ಸಾಸ್. ಅಲ್ಲಿನ ಬಾಟಲಿಯ ಮೇಲೆ ರೀಸ್ಲಿಂಗ್ ಎಂದು ಬರೆದಿದ್ದರೆ ಒಳಗಿರುವುದು ಪೂರ್ತಿ ರೀಸ್ಲಿಂಗ್. ಫ್ರೆಂಚ್ ವೈನ್ ಕಲಿಯಲು ಹೊರಟವರು ಬೋರ್ಡೋದ ಕೋಟೆಮನೆಗಳ ಹೆಸರು ಬಾಯಿಪಾಠ ಮಾಡುವುದಕ್ಕಿಂತ ಇಲ್ಲಿಂದ ಶುರು ಮಾಡುವುದು ವಾಸಿ.

ಆದರೆ ಈ ಸರಳತೆಯೊಳಗೆ ಒಂದು ಗುಂಡಿಯಿದೆ. ದ್ರಾಕ್ಷಿಯ ಹೆಸರು ಹೇಳುವ ಲೇಬಲ್, ವೈನ್ ಸಿಹಿಯೋ ಅಲ್ಲವೋ ಎಂಬುದನ್ನು ಬಹಳ ಕಾಲ ಹೇಳುತ್ತಿರಲಿಲ್ಲ. ಒಂದೇ ದ್ರಾಕ್ಷಿ, ಒಂದೇ ಊರು, ಒಂದೇ ವರ್ಷದ ಎರಡು ಬಾಟಲಿಗಳಲ್ಲಿ ಒಂದು ನಿಂಬೆಹೋಳಿನಂತೆ ಹುಳಿಯಾಗಿರಬಹುದು, ಇನ್ನೊಂದು ಜೇನಿನಂತೆ ಸಿಹಿಯಾಗಿರಬಹುದು. ಅಲ್ಸಾಸ್ ಅರ್ಥವಾಗುವುದೆಂದರೆ ಬಹುಮಟ್ಟಿಗೆ ಈ ಸಿಹಿ ಎಲ್ಲಿಂದ ಬರುತ್ತದೆ, ಎಲ್ಲಿ ಅಡಗುತ್ತದೆ ಎಂಬುದು ಅರ್ಥವಾಗುವುದು.

ಬೆಟ್ಟದ ಮರೆಯ ನಾಡು

ಪಶ್ಚಿಮಕ್ಕೆ ವೋಜ್ ಬೆಟ್ಟಸಾಲು, ಪೂರ್ವಕ್ಕೆ ರೈನ್ ನದಿ. ನಡುವೆ ಬೆಟ್ಟದ ತಪ್ಪಲಿನುದ್ದಕ್ಕೂ ಉತ್ತರ–ದಕ್ಷಿಣವಾಗಿ ಹರಡಿದ ಕಿರಿದಾದ ಪಟ್ಟಿಯಲ್ಲಿ ದ್ರಾಕ್ಷಿತೋಟಗಳಿವೆ; ಹೆಚ್ಚಿನವು ಸಮುದ್ರಮಟ್ಟದಿಂದ 200ರಿಂದ 400 ಮೀಟರ್ ಎತ್ತರದಲ್ಲಿ. ಸ್ಟ್ರಾಸ್‌ಬರ್ಗ್ ಸಮೀಪದ ಮಾರ್ಲೆನ್‌ಹೈಮ್‌ನಿಂದ ದಕ್ಷಿಣದ ಥಾನ್‌ವರೆಗೆ ಊರೂರು ಸುತ್ತಿಕೊಂಡು ಹೋಗುವ ಸುಮಾರು 170 ಕಿ.ಮೀ. ವೈನ್ ರಸ್ತೆಯನ್ನು 1953ರಲ್ಲಿ ಶುರು ಮಾಡಿದರು. ಸ್ಟುಟ್‌ಗಾರ್ಟ್, ಕಾರ್ಲ್ಸ್‌ರೂಹೆ ಕಡೆ ನೆಲೆಸಿರುವ ಕನ್ನಡಿಗರಿಗೆ ಇದು ವಾರಾಂತ್ಯದ ಹಾದಿ.

ಅಟ್ಲಾಂಟಿಕ್ ಕಡೆಯಿಂದ ಬರುವ ಮಳೆಮೋಡಗಳು ವೋಜ್ ಸಾಲಿಗೆ ಬಡಿದು ಆಚೆ ಮಗ್ಗುಲಲ್ಲೇ ಬರಿದಾಗುತ್ತವೆ. ಮಲೆನಾಡಿನಲ್ಲಿ ಸುರಿದು ಹಗುರಾದ ಮೋಡ ಚಳ್ಳಕೆರೆಯ ಮೇಲೆ ಸುಮ್ಮನೆ ತೇಲಿ ಹೋಗುವುದನ್ನು ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ. ಬೆಟ್ಟದ ನೆತ್ತಿಯಲ್ಲಿ ವರ್ಷಕ್ಕೆ 2000 ಮಿ.ಮೀ. ಆಸುಪಾಸು ಮಳೆಯಾದರೆ, ಬುಡದ ಕೊಲ್ಮಾರ್ ಪಟ್ಟಣಕ್ಕೆ ಸಿಗುವುದು ಸುಮಾರು 600 ಮಿ.ಮೀ. ಫ್ರಾನ್ಸಿನ ಅತ್ಯಂತ ಒಣ ಊರುಗಳಲ್ಲಿ ಅದೂ ಒಂದು.

ಇದರಿಂದ ವೈನಿಗೆ ಆಗುವ ಲಾಭವೇನು? ಉತ್ತರದ ಚಳಿನಾಡಿನಲ್ಲಿ ಸೆಪ್ಟೆಂಬರ್–ಅಕ್ಟೋಬರ್ ಮಳೆಯೇ ಬೆಳೆಗಾರನ ಶತ್ರು. ಹಣ್ಣು ಮಾಗುವ ಮೊದಲೇ ಗೊಂಚಲು ಕೊಳೆಯತೊಡಗಿದರೆ ಅವನು ಅರೆಮಾಗಿದ್ದನ್ನೇ ಕೊಯ್ಯಬೇಕು. ಅಲ್ಸಾಸಿನಲ್ಲಿ ಮಳೆಗಾಲ ಹಿಂದೆ ಸರಿದು, ಬಿಸಿಲಿನ ಹಗಲು ಮತ್ತು ತಣ್ಣನೆಯ ರಾತ್ರಿಯ ಉದ್ದನೆಯ ಶರತ್ಕಾಲ ಸಿಗುತ್ತದೆ. ಹಗಲಿನ ಬಿಸಿಲು ಸಕ್ಕರೆ ಕೂಡಿಸುತ್ತದೆ, ರಾತ್ರಿಯ ತಂಪು ಹುಳಿಯನ್ನು ಉಳಿಸುತ್ತದೆ. ಇನ್ನೊಂದು ವಾರ ಕಾಯೋಣ ಎನ್ನುವ ಧೈರ್ಯ ಬೆಳೆಗಾರನಿಗೆ ಬರುವುದು ಇದರಿಂದ. ಆ ಕಾಯುವಿಕೆಯಲ್ಲೇ ಸಿಹಿಯ ಮೂಲವೂ ಇದೆ.

ನೆಲದ ಕಥೆ ಇನ್ನೂ ಗೋಜಲು. ಒಂದಾನೊಂದು ಕಾಲದಲ್ಲಿ ವೋಜ್ ಬೆಟ್ಟವೂ ಈಗ ಜರ್ಮನಿಯಲ್ಲಿರುವ ಕಪ್ಪುಕಾಡಿನ ಬೆಟ್ಟವೂ ಒಂದೇ ಆಗಿದ್ದವು. ನಡುವಿನ ನೆಲ ಕುಸಿದು ರೈನ್ ಕಣಿವೆಯಾಯಿತು. ಕುಸಿದ ಅಂಚಿನಲ್ಲಿ ಬೇರೆ ಬೇರೆ ಯುಗಗಳ ಕಲ್ಲುಪದರಗಳು ಒಡೆದು, ಜಾರಿ, ಪಕ್ಕಪಕ್ಕಕ್ಕೆ ಬಂದು ಬಿದ್ದಿವೆ. ಹೀಗಾಗಿ ಗ್ರಾನೈಟ್, ಸುಣ್ಣಕಲ್ಲು, ಜೇಡಿ, ಮರಳುಗಲ್ಲು ಎಲ್ಲವೂ ಒಂದೇ ಹಳ್ಳಿಯ ಸರಹದ್ದಿನೊಳಗೆ ಸಿಗುತ್ತವೆ. ಎಲ್ಲ ತೋಟಕ್ಕೂ ಒಂದೇ ದ್ರಾಕ್ಷಿ ಇಲ್ಲಿ ಒಗ್ಗದಿರುವುದಕ್ಕೆ ಇದು ಮುಖ್ಯ ಕಾರಣ.

ಬಾಟಲಿ ಯಾಕೆ ಜರ್ಮನ್ ಥರ ಕಾಣುತ್ತದೆ

1871ರಲ್ಲಿ ಅಲ್ಸಾಸ್ ಜರ್ಮನ್ ಸಾಮ್ರಾಜ್ಯದ ಪಾಲಾಯಿತು. 1918ರಲ್ಲಿ ಫ್ರಾನ್ಸಿಗೆ ಮರಳಿತು. 1940ರಲ್ಲಿ ಮತ್ತೆ ಜರ್ಮನಿ ಅದನ್ನು ನುಂಗಿತು. 1944–45ರ ಚಳಿಗಾಲದಲ್ಲಿ ಕೊಲ್ಮಾರ್ ಸುತ್ತ ನಡೆದ ಕದನದಲ್ಲಿ ಬೆನ್‌ವೀರ್, ಸಿಗೊಲ್ಸ್‌ಹೈಮ್‌ನಂಥ ವೈನ್ ಹಳ್ಳಿಗಳು ನೆಲಸಮವಾದವು. ಫ್ರಾನ್ಸಿನ ಉಳಿದ ದೊಡ್ಡ ಪ್ರಾಂತಗಳಿಗೆ 1936ರ ಹೊತ್ತಿಗೇ ಸಿಗತೊಡಗಿದ್ದ ಅಧಿಕೃತ ಮೂಲನಾಮದ ಮಾನ್ಯತೆ ಅಲ್ಸಾಸಿಗೆ ದಕ್ಕಿದ್ದು 1962ರಲ್ಲಿ. ದ್ರಾಕ್ಷಿಯ ಹೆಸರಿನಿಂದಲೇ ವೈನನ್ನು ಕರೆಯುವುದು, ಕೊಳಲಿನಂಥ ಉದ್ದನೆಯ ಹಸಿರು ಬಾಟಲಿ, ರೀಸ್ಲಿಂಗ್ ಎಂಬ ದ್ರಾಕ್ಷಿಯೇ ಎಲ್ಲವೂ ರೈನ್ ಸೀಮೆಯ ರೂಢಿಗಳು. 1972ರಿಂದ ಅಲ್ಸಾಸ್ ವೈನನ್ನು ಆ ಪ್ರಾಂತದಲ್ಲೇ ಬಾಟಲಿಗೆ ತುಂಬುವುದು ಕಡ್ಡಾಯ. ಹೊರಗಿನ ವ್ಯಾಪಾರಿಗಳು ಪೀಪಾಯಿಗಟ್ಟಲೆ ಕೊಂಡು ಬೇರೆ ವೈನಿನ ಜೊತೆ ಬೆರೆಸುವ ದಾರಿ ಹಾಗೆ ಮುಚ್ಚಿತು.

ಈ ಉದ್ದನೆಯ ಬಾಟಲಿ ಮನೆಯ ಫ್ರಿಜ್ಜಿನಲ್ಲಿ ನಿಲ್ಲುವುದಿಲ್ಲ, ಸಾಮಾನ್ಯ ವೈನ್ ಸ್ಟ್ಯಾಂಡಿನಲ್ಲಿ ಸರಿಯಾಗಿ ಕೂರುವುದೂ ಇಲ್ಲ. ಕೊಳ್ಳುವ ಮೊದಲೇ ತಿಳಿದಿದ್ದರೆ ಒಳ್ಳೆಯದು.

ನಾಲ್ವರು ಹಿರಿಯರು ಮತ್ತು ಉಳಿದವರು

ಅಲ್ಸಾಸಿನ ವೈನಿನಲ್ಲಿ ಸುಮಾರು ನೂರಕ್ಕೆ ತೊಂಬತ್ತು ಪಾಲು ಬಿಳಿ. ಅದರಲ್ಲೂ ನಾಲ್ಕು ದ್ರಾಕ್ಷಿಗಳಿಗೆ ‘ಕುಲೀನ’ ಎಂಬ ಪಟ್ಟವಿದೆ: ರೀಸ್ಲಿಂಗ್, ಗೆವುರ್ಟ್ಸ್‌ಟ್ರಮಿನರ್, ಪಿನೋ ಗ್ರಿ, ಮಸ್ಕಾ.

ರೀಸ್ಲಿಂಗ್ ಇವರಲ್ಲಿ ಯಜಮಾನ. ನಿಂಬೆ, ಹಸಿರು ಸೇಬು, ಮಳೆ ಬಿದ್ದ ಕಲ್ಲಿನ ವಾಸನೆ; ಹುಳಿ ಚುರುಕು. ತಡವಾಗಿ ಮಾಗುವ ಕಾರಣ ಒಳ್ಳೆಯ ಇಳಿಜಾರನ್ನು ಇದಕ್ಕೇ ಮೀಸಲಿಡುತ್ತಾರೆ. ಏಳೆಂಟು ವರ್ಷ ಹಳತಾದ ರೀಸ್ಲಿಂಗಿಗೆ ಸೀಮೆಎಣ್ಣೆಯಂಥ ಒಂದು ವಾಸನೆ ಬರುವುದುಂಟು. ಹೊಸಬರು ಕೆಟ್ಟಿದೆ ಎಂದು ಚೆಲ್ಲುವುದು ಇಂಥ ಬಾಟಲಿಯನ್ನೇ. ಅದು ದೋಷವಲ್ಲ, ಬಿಸಿಲಿಗೆ ಮೈಯೊಡ್ಡಿದ ಸಿಪ್ಪೆಯಲ್ಲಿರುವ ವಸ್ತುಗಳು ವರ್ಷಗಳು ಕಳೆದಂತೆ ರೂಪ ಬದಲಿಸಿದಾಗ ಹುಟ್ಟುವ ಗಂಧ. ಹದವಾಗಿದ್ದರೆ ಸೊಗಸು, ಅದೊಂದೇ ಮೂಗಿಗೆ ಬಡಿದರೆ ಬೇಸರ.

ಗೆವುರ್ಟ್ಸ್‌ಟ್ರಮಿನರ್ ಹೆಸರು ನಾಲಿಗೆಗೆ ತೊಡರುಗಾಲು. ‘ಗೆವುರ್ಟ್ಸ್’ ಎಂದರೆ ಜರ್ಮನ್ನಿನಲ್ಲಿ ಮಸಾಲೆ. ಗುಲಾಬಿ ಬಣ್ಣದ ಸಿಪ್ಪೆಯ ಈ ಹಣ್ಣಿನ ವೈನನ್ನು ಕಣ್ಣು ಕಟ್ಟಿಕೊಟ್ಟರೂ ಗುರುತಿಸಬಹುದು: ಲಿಚಿ, ಪನ್ನೀರು, ಸ್ವಲ್ಪ ಶುಂಠಿ. ಲಿಚಿಯಲ್ಲೂ ಗುಲಾಬಿಯಲ್ಲೂ ಈ ದ್ರಾಕ್ಷಿಯಲ್ಲೂ ಇರುವ ಗಂಧವಸ್ತು ಒಂದೇ ಆದ್ದರಿಂದ ಇದು ಬರೀ ಕವಿಕಲ್ಪನೆಯಲ್ಲ. ಇದರಲ್ಲಿ ಸಕ್ಕರೆ ಬೇಗ ಏರುತ್ತದೆ, ಹುಳಿ ಬೇಗ ಇಳಿಯುತ್ತದೆ. ಮುಂದೆ ಬರುವ ಸಿಹಿಯ ತಕರಾರಿನಲ್ಲಿ ಮುಖ್ಯ ಆರೋಪಿ ಇದೇ.

ಪಿನೋ ಗ್ರಿ ಇವೆರಡರ ನಡುವಿನದು. ಜೇನು, ಅಣಬೆ, ತೆಳುವಾದ ಹೊಗೆಯ ವಾಸನೆ, ಬಾಯಿ ತುಂಬುವ ಮೈಕಟ್ಟು. ಇಟಲಿಯ ‘ಪಿನೋ ಗ್ರಿಜೋ’ ಕೂಡ ಇದೇ ದ್ರಾಕ್ಷಿಯಾದರೂ ಆ ನೀರುನೀರಾದ ಬೇಸಿಗೆ ವೈನಿಗೂ ಇದಕ್ಕೂ ದಾಯಾದಿ ಸಂಬಂಧವಷ್ಟೇ. ಹಳೆಯ ಬಾಟಲಿಗಳಲ್ಲಿ ಇದರ ಹೆಸರಿನ ಹಿಂದೆ ‘ತೊಕೇ’ ಎಂದಿರುತ್ತದೆ. ಹಂಗೆರಿಯ ತೊಕೈ ವೈನಿನೊಂದಿಗೆ ಗೊಂದಲವಾಗುತ್ತದೆಂದು ಆ ಪದವನ್ನು 2007ರಲ್ಲಿ ಪೂರ್ತಿ ಕೈಬಿಟ್ಟರು.

ಮಸ್ಕಾ ವೈನಿಗೆ ದ್ರಾಕ್ಷಿಯದೇ ವಾಸನೆ. ತಮಾಷೆಯಲ್ಲ, ವೈನಾದ ಮೇಲೂ ತಿನ್ನುವ ಹಣ್ಣಿನ ಪರಿಮಳ ಉಳಿಸಿಕೊಳ್ಳುವ ದ್ರಾಕ್ಷಿಗಳು ಬಹಳ ಕಡಿಮೆ. ಬೆಂಗಳೂರು ನೀಲಿ ದ್ರಾಕ್ಷಿಯ ಘಮವೂ ವೈನಿನಲ್ಲಿ ಉಳಿಯುತ್ತದೆ, ಆದರೆ ಅದು ಅಮೆರಿಕ ಮೂಲದ ಬೇರೆಯೇ ಬಳಗ, ಘಾಟು ಹೆಚ್ಚು. ಮಸ್ಕಾದ್ದು ಹೂವಿನ ಕಡೆ ವಾಲುವ ನಯವಾದ ಗಂಧ. ಅಲ್ಸಾಸಿನಲ್ಲಿ ಇದನ್ನು ಹೆಚ್ಚಾಗಿ ಸಿಹಿಯಿಲ್ಲದೆ ಮಾಡುತ್ತಾರೆ. ಮೂಗು ಸಿಹಿ ಎನ್ನುತ್ತದೆ, ನಾಲಿಗೆ ಇಲ್ಲ ಎನ್ನುತ್ತದೆ.

ಉಳಿದವರಲ್ಲಿ ಸಿಲ್ವನೇರ್ ತಿಳಿಯಾದ, ಅಗ್ಗದ, ದಿನಬಳಕೆಯ ವೈನ್. ಪಿನೋ ಬ್ಲಾಂ ಹೆಸರಿನ ಬಾಟಲಿಯಲ್ಲಿ ಒಸೆರ್ವಾ ಎಂಬ ಇನ್ನೊಂದು ದ್ರಾಕ್ಷಿ ಬೆರೆತಿರುವುದೇ ಹೆಚ್ಚು, ಮತ್ತು ಅದಕ್ಕೆ ಕಾನೂನಿನ ಅನುಮತಿಯಿದೆ. ‘ಪೂರ್ತಿ ಒಂದೇ ದ್ರಾಕ್ಷಿ’ ಎಂಬ ಮಾತಿಗೆ ಇದೊಂದು ವಿನಾಯಿತಿ. ಎಡೆಲ್‌ತ್ಸ್ವಿಕರ್ ಎಂದರೆ ಹಲವು ಬಿಳಿ ದ್ರಾಕ್ಷಿಗಳ ಮಿಶ್ರಣ; ಜಾಂತಿ ಎಂದಿದ್ದರೆ ಆ ಮಿಶ್ರಣದಲ್ಲಿ ಅರ್ಧಕ್ಕೆ ಕಡಿಮೆಯಿಲ್ಲದಂತೆ ಕುಲೀನ ದ್ರಾಕ್ಷಿಗಳಿರಬೇಕು. ಕೆಂಪು ವೈನಿಗೆ ಇರುವುದು ಪಿನೋ ನ್ವಾರ್ ಒಂದೇ. ಮೊದಲೆಲ್ಲ ಗುಲಾಬಿ ನೀರಿನಂತಿದ್ದ ಅದು ಹವಾಮಾನ ಬಿಸಿಯಾದಂತೆ ಗಟ್ಟಿಮುಟ್ಟಾಗುತ್ತಿದೆ.

ಸಿಹಿಯ ಲೆಕ್ಕ

ದ್ರಾಕ್ಷಿರಸದಲ್ಲಿರುವ ಸಕ್ಕರೆಯನ್ನು ಯೀಸ್ಟ್ ತಿಂದು ಮದ್ಯಸಾರ ಮಾಡುತ್ತದೆ. ಲೀಟರಿಗೆ ಸುಮಾರು 17 ಗ್ರಾಂ ಸಕ್ಕರೆ ಕರಗಿದರೆ ಶೇ. 1ರಷ್ಟು ಮದ್ಯಸಾರ. ರೀಸ್ಲಿಂಗ್ ರಸದಲ್ಲಿ ಲೀಟರಿಗೆ 204 ಗ್ರಾಂ ಸಕ್ಕರೆಯಿದ್ದು, ಎಲ್ಲವೂ ಹುದುಗಿದರೆ ಸಿಗುವುದು ಶೇ. 12ರ ಸಿಹಿಯಿಲ್ಲದ ವೈನ್. ಈಗ ಬಿಸಿಲಿನ ವರ್ಷವೊಂದರ ಗೆವುರ್ಟ್ಸ್‌ಟ್ರಮಿನರ್ ತೆಗೆದುಕೊಳ್ಳಿ: ರಸದಲ್ಲಿ 255 ಗ್ರಾಂ. ಪೂರ್ತಿ ಹುದುಗಿದ್ದರೆ ಶೇ. 15 ಆಗಬೇಕಿತ್ತು. ತಣ್ಣನೆಯ ನೆಲಮಾಳಿಗೆಯಲ್ಲಿ ಯೀಸ್ಟ್ ಶೇ. 13ಕ್ಕೇ ಸುಸ್ತಾಗಿ ನಿಂತಿತು, ಅಥವಾ ವೈನ್ ಮಾಡುವವರೇ ತಂಪು ಮಾಡಿ ನಿಲ್ಲಿಸಿದರು ಎನ್ನಿ. ಉಳಿದ ಎರಡು ಅಂಶದ ಸಕ್ಕರೆ, ಅಂದರೆ ಲೀಟರಿಗೆ 34 ಗ್ರಾಂ, ವೈನಿನಲ್ಲೇ ಕೂತಿತು. 750 ಮಿ.ಲೀ. ಬಾಟಲಿಗೆ ಅದು ಸುಮಾರು 25 ಗ್ರಾಂ, ಐದು ಟೀ ಚಮಚ.

ಯಾಕೆ ನಿಲ್ಲಿಸುತ್ತಾರೆ? ಶೇ. 15ರ ಗೆವುರ್ಟ್ಸ್‌ಟ್ರಮಿನರ್ ಗಂಟಲು ಸುಡುತ್ತದೆ, ಹಿಂದೆ ಸ್ವಲ್ಪ ಕಹಿಯೂ ಉಳಿಯುತ್ತದೆ. ಬೇಗ ಕೊಯ್ದರೆ ಆ ಪರಿಮಳ ಬರುವುದಿಲ್ಲ. ಪರಿಮಳ ಬೇಕೆಂದರೆ ಮಾಗಬೇಕು, ಮಾಗಿದರೆ ಸಕ್ಕರೆ ಏರುತ್ತದೆ. ಬೇಸಿಗೆಗಳು ಬಿಸಿಯಾದಂತೆ ಈ ಇಕ್ಕಟ್ಟು ಇನ್ನೂ ಬಿಗಿಯಾಗಿದೆ.

ಆದರೆ ಸಕ್ಕರೆ ಎಷ್ಟಿದೆ ಎಂಬುದು ಅರ್ಧ ಮಾತು. ಹುಳಿ ಎಷ್ಟಿದೆ ಎಂಬುದು ಇನ್ನರ್ಧ. ರಾಮನವಮಿಗೆ ಪಾನಕ ಮಾಡುವವರಿಗೆ ಇದು ಗೊತ್ತೇ ಇದೆ. ಮನೆಯಲ್ಲಿ ನೋಡಬೇಕೆಂದರೆ ಎರಡು ಲೋಟಗಳಲ್ಲಿ 200 ಮಿ.ಲೀ. ನೀರಿಗೆ ಎರಡೆರಡು ಟೀ ಚಮಚ ಸಕ್ಕರೆ ಕದಡಿ, ಒಂದಕ್ಕೆ ಮಾತ್ರ ಅರ್ಧ ನಿಂಬೆಹಣ್ಣು ಹಿಂಡಿ. ಸಕ್ಕರೆ ಎರಡರಲ್ಲೂ ಲೀಟರಿಗೆ 50 ಗ್ರಾಂ ಲೆಕ್ಕ. ಮೊದಲನೆಯದು ಬರೀ ಸಪ್ಪೆ ಸಿಹಿ, ಎರಡನೆಯದು ಶರಬತ್ತು. 8 ಗ್ರಾಂ ಸಕ್ಕರೆಯ ಹುಳಿ ರೀಸ್ಲಿಂಗ್ ನಾಲಿಗೆಗೆ ಸಿಹಿಯಿಲ್ಲದ್ದೆಂದೇ ತೋರಿ, ಅಷ್ಟೇ ಸಕ್ಕರೆಯ ಗೆವುರ್ಟ್ಸ್‌ಟ್ರಮಿನರ್ ಸಿಹಿಯಾಗಿ ಕಾಣುವುದು ಇದರಿಂದಲೇ.

ದೂರುಗಳು ಹೆಚ್ಚಿ, 2021ರ ಸುಗ್ಗಿಯಿಂದೀಚೆಗೆ ಗುಳ್ಳೆಯಿಲ್ಲದ ಬಿಳಿ ಅಲ್ಸಾಸ್ ವೈನಿನ ಲೇಬಲ್ಲಿನ ಮೇಲೆ ಸಿಹಿಯ ಮಟ್ಟ ಬರೆಯುವುದು ಕಡ್ಡಾಯವಾಯಿತು. ನಾಲ್ಕು ಪದಗಳನ್ನು ನೆನಪಿಟ್ಟರೆ ಸಾಕು. ‘ಸೆಕ್’: ಮೂರಕ್ಷರದ ಪದ, ಸಿಹಿಯಿಲ್ಲ, ಲೀಟರಿಗೆ 4 ಗ್ರಾಂವರೆಗೆ, ಹುಳಿ ತಕ್ಕಷ್ಟಿದ್ದರೆ 9 ಗ್ರಾಂವರೆಗೂ ಸಲ್ಲುತ್ತದೆ. ‘ದೆಮಿ-ಸೆಕ್’: ಅದಕ್ಕಿಂತ ಮೇಲೆ 12 ಗ್ರಾಂವರೆಗೆ, ಇಲ್ಲೂ ಹುಳಿಗೆ ಸ್ವಲ್ಪ ರಿಯಾಯಿತಿಯಿದೆ. ‘ಮ್ವಲೂ’: 45 ಗ್ರಾಂವರೆಗೆ, ಎಮ್ ಅಕ್ಷರದಿಂದ ಶುರುವಾಗಿ ಎಕ್ಸ್‌ನಲ್ಲಿ ಮುಗಿಯುವ ಉದ್ದನೆಯ ಪದ ಕಂಡರೆ ಇದೇ. ‘ದೂ’: 45ಕ್ಕಿಂತ ಮೇಲೆ, ನಾಲ್ಕಕ್ಷರ, ಡಿಯಿಂದ ಶುರು, ಕೊನೆಗೆ ಅದೇ ಎಕ್ಸ್. ಉಚ್ಚಾರಣೆಯಲ್ಲಿ ಕೊನೆಯ ಎಕ್ಸ್ ಕೇಳುವುದಿಲ್ಲವಾದ್ದರಿಂದ ಕಿವಿಯಲ್ಲಿ ಕೇಳಿದ್ದನ್ನು ಲೇಬಲ್ಲಿನಲ್ಲಿ ಹುಡುಕಿದರೆ ಸಿಗದು. ಈ ಪದಗಳು ಹೆಚ್ಚಾಗಿ ಹಿಂಬದಿಯ ಲೇಬಲ್ಲಿನಲ್ಲಿ ಸಣ್ಣಕ್ಷರದಲ್ಲಿರುತ್ತವೆ. ಕೆಲವು ಬಾಟಲಿಗಳಲ್ಲಿ ಪದದ ಬದಲು ಒಂದು ಗೆರೆ, ಗೆರೆಯ ಮೇಲೆ ಬಾಣದ ಗುರುತು ಇರುತ್ತದೆ.

2021ಕ್ಕಿಂತ ಹಳೆಯ ಬಾಟಲಿಯಾದರೆ ಮದ್ಯಸಾರದ ಶೇಕಡಾವಾರು ನೋಡಿ ಊಹಿಸಬೇಕು. ರೀಸ್ಲಿಂಗ್ ಶೇ. 12.5–13 ಇದ್ದರೆ ಬಹುತೇಕ ಸಿಹಿಯಿಲ್ಲದ್ದು. ಗೆವುರ್ಟ್ಸ್‌ಟ್ರಮಿನರ್ ಶೇ. 12.5 ಇದ್ದರೆ ಅನುಮಾನಿಸಿ. ಅಷ್ಟು ಮಾಗುವ ಹಣ್ಣಿನಲ್ಲಿ ಅಷ್ಟು ಕಡಿಮೆ ಮದ್ಯಸಾರವೆಂದರೆ ಉಳಿದದ್ದು ಸಕ್ಕರೆಯಾಗಿಯೇ ಕೂತಿರುವ ಸಾಧ್ಯತೆ ಹೆಚ್ಚು. ಇದು ಖಚಿತ ಪರೀಕ್ಷೆಯಲ್ಲ. ಮನೆತನದ ಹೆಸರು ಇದಕ್ಕಿಂತ ಒಳ್ಳೆಯ ಸುಳಿವು: ರಿಬೋವಿಲೆಯ ಟ್ರಿಂಬಾಕ್ ಮನೆತನ ಸಿಹಿಯಿಲ್ಲದ ಶೈಲಿಗೆ ಹೆಸರುವಾಸಿ, ಜಿಂಡ್-ಹುಂಬ್ರೆಕ್ಟ್ ಮನೆತನದವರು ಕಾನೂನು ಬರುವ ಎಷ್ಟೋ ಮೊದಲೇ ತಮ್ಮ ಲೇಬಲ್ಲಿನ ಮೇಲೆ ಸಿಹಿಗೆ 1ರಿಂದ 5ರವರೆಗೆ ಅಂಕ ಹಾಕುತ್ತಿದ್ದರು.

ಬೇಕೆಂದೇ ಸಿಹಿ ಮಾಡಿದವು

ಮೇಲಿನದೆಲ್ಲ ಸಿಹಿ ತಾನಾಗಿ ಉಳಿದ ಸಂಗತಿ. ಹಣ್ಣನ್ನು ಉದ್ದೇಶಪೂರ್ವಕವಾಗಿ ಬಳ್ಳಿಯಲ್ಲೇ ಬಿಟ್ಟು ಮಾಡುವ ಎರಡು ಬಗೆಗಳಿವೆ. 1984ರಲ್ಲಿ ಇವೆರಡಕ್ಕೂ ಕಾನೂನಿನ ಚೌಕಟ್ಟು ಬಂತು. ‘ವಾಂದಾಂಜ್ ತಾರ್ದೀವ್’ ಎಂದರೆ ತಡವಾದ ಕೊಯ್ಲು. ‘ಸೆಲೆಕ್ಸಿಯೋಂ ದ ಗ್ರೇಂ ನೋಬ್ಲ್’ ಇನ್ನೂ ಮುಂದಿನ ಹೆಜ್ಜೆ: ಬೊಟ್ರೈಟಿಸ್ ಎಂಬ ಬೂಜು ಹತ್ತಿ, ನೀರಾರಿ, ಒಣದ್ರಾಕ್ಷಿಯಂತೆ ಮುದುಡಿದ ಕಾಳುಗಳನ್ನು ಆರಿಸಿ ಆರಿಸಿ ಕೊಯ್ಯುವುದು. ಬೆಳಗಿನ ಮಂಜು ಬೂಜನ್ನು ಹಬ್ಬಿಸಬೇಕು, ಮಧ್ಯಾಹ್ನದ ಬಿಸಿಲು ಅದು ಕೊಳೆತವಾಗದಂತೆ ಒಣಗಿಸಬೇಕು. ಎರಡರಲ್ಲಿ ಒಂದು ತಪ್ಪಿದರೂ ಆ ವರ್ಷ ಕೈಗೆ ಬರುವುದು ವೈನಲ್ಲ, ಗೊಬ್ಬರ. ಎರಡಕ್ಕೂ ನಾಲ್ಕು ಕುಲೀನ ದ್ರಾಕ್ಷಿಗಳಿಗೆ ಮಾತ್ರ ಅವಕಾಶ, ಕೈಯಲ್ಲೇ ಕೊಯ್ಯಬೇಕು, ರಸಕ್ಕೆ ಹೊರಗಿನ ಸಕ್ಕರೆ ಹಾಕುವಂತಿಲ್ಲ. ಎರಡನೆಯದನ್ನು ಅರ್ಧ ಬಾಟಲಿ ಕೊಂಡರೆ ಆರು ಜನರಿಗೆ ಸಾಕು. ಗ್ಲಾಸುಗಟ್ಟಲೆ ಕುಡಿಯುವ ವಸ್ತುವಲ್ಲ ಅದು.

ಗ್ರಾಂ ಕ್ರೂ: 51 ಹೆಸರುಗಳನ್ನು ಕಲಿಯಬೇಕೆ?

ಬೇಡ. ಅತ್ಯುತ್ತಮವೆಂದು ಗುರುತಿಸಿದ ತೋಟಗಳಿಗೆ ಗ್ರಾಂ ಕ್ರೂ ಪಟ್ಟ ಕೊಡುವುದು 1975ರಲ್ಲಿ ಶುರುವಾಯಿತು; ಮೊದಲ ತೋಟ ಕೈಜರ್ಸ್‌ಬೆರ್ಗ್ ಕಣಿವೆಯ ಬಾಯಲ್ಲಿರುವ ಗ್ರಾನೈಟ್ ಇಳಿಜಾರು ಶ್ಲಾಸ್‌ಬೆರ್ಗ್. ಈಗ ಒಟ್ಟು 51 ಇವೆ. ಪ್ರಾಂತದ ಉತ್ಪಾದನೆಯಲ್ಲಿ ಇವುಗಳ ಪಾಲು ನೂರಕ್ಕೆ ನಾಲ್ಕೈದು ಮಾತ್ರ.

ಕಲಿಯಬೇಕಾದದ್ದು ನೆಲಕ್ಕೂ ರುಚಿಗೂ ಇರುವ ನಂಟು. ಶ್ಲಾಸ್‌ಬೆರ್ಗ್, ಬ್ರಾಂಡ್, ಸೊಮ್ಮರ್‌ಬೆರ್ಗ್ ಗ್ರಾನೈಟ್ ನೆಲದವು. ಇಲ್ಲಿನ ರೀಸ್ಲಿಂಗ್ ಬೇಗ ಮೂಗಿಗೆ ಒಲಿಯುತ್ತದೆ. ಹೆಂಗ್ಸ್ಟ್, ಗೋಲ್ಡರ್ಟ್ ಸುಣ್ಣ ಬೆರೆತ ನೆಲ. ಅಲ್ಲಿ ಗೆವುರ್ಟ್ಸ್‌ಟ್ರಮಿನರ್ ದಟ್ಟವಾಗುತ್ತದೆ, ಆದರೆ ಕೆಲವು ವರ್ಷ ಕಾಯಿಸುತ್ತದೆ. ದಕ್ಷಿಣದ ತುದಿಯಲ್ಲಿ ಥಾನ್ ಊರಿನ ರಾಂಗೆನ್ ಜ್ವಾಲಾಮುಖಿ ಕಲ್ಲಿನ ಕಡಿದಾದ ಇಳಿಜಾರು. ವೈನಿಗೆ ಹೊಗೆಯ ಛಾಯೆಯಿದೆ. ಗ್ರಾಂ ಕ್ರೂ ಹೆಸರು ಹೊತ್ತ ಬಾಟಲಿಯಲ್ಲಿ ಕುಲೀನ ದ್ರಾಕ್ಷಿಗಳೇ ಇರಬೇಕೆಂಬುದು ಸಾಮಾನ್ಯ ನಿಯಮ. ಮಿಟ್ಟೆಲ್‌ಬೆರ್ಗ್‌ಹೈಮ್‌ನ ಜೊಟ್ಸೆನ್‌ಬೆರ್ಗ್ ತೋಟದಲ್ಲಿ ಬಡ ಸಿಲ್ವನೇರ್‌ಗೂ ಆ ಮಾನವಿದೆ. 2022ರಿಂದ ಹೆಂಗ್ಸ್ಟ್ ಮತ್ತು ಕಿರ್ಶ್‌ಬೆರ್ಗ್ ದ ಬಾರ್ ತೋಟಗಳ ಪಿನೋ ನ್ವಾರ್‌ಗೂ ಸಿಕ್ಕಿದೆ.

ಪಟ್ಟಕ್ಕಿಂತ ಮನೆತನ ಮುಖ್ಯ ಎಂಬುದಕ್ಕೆ ಒಂದೇ ಉದಾಹರಣೆ ಸಾಕು. ಅಲ್ಸಾಸಿನ ಅತ್ಯಂತ ಹೆಸರಾಂತ ರೀಸ್ಲಿಂಗ್‌ಗಳಲ್ಲಿ ಒಂದಾದ ಟ್ರಿಂಬಾಕ್ ಮನೆಯ ಕ್ಲೋ ಸಾಂತ್ ಹ್ಯೂನ್, ರೋಜಾಕರ್ ಎಂಬ ಗ್ರಾಂ ಕ್ರೂ ತೋಟದೊಳಗೇ ಬೆಳೆದರೂ ಆ ಪಟ್ಟವನ್ನು ಲೇಬಲ್ಲಿನ ಮೇಲೆ ಹಾಕಿಕೊಳ್ಳದೆಯೇ ದಶಕಗಟ್ಟಲೆ ಮಾರಾಟವಾಗಿದೆ.

ಪೀಪಾಯಿ ಮತ್ತು ಗುಳ್ಳೆ

ಅಲ್ಸಾಸಿನಲ್ಲಿ ಹೊಸ ಓಕ್ ಮರದ ವಾಸನೆ ವೈನಿಗೆ ಹತ್ತಬಾರದು. ಅಂಡಾಕಾರದ ದೊಡ್ಡ ಹಳೆಯ ಪೀಪಾಯಿಗಳಲ್ಲಿ ಹುದುಗಿಸುತ್ತಾರೆ, ಇಲ್ಲವೇ ಉಕ್ಕಿನ ತೊಟ್ಟಿಗಳಲ್ಲಿ. ತಲೆಮಾರುಗಳ ಬಳಕೆಯಿಂದ ಪೀಪಾಯಿಯ ಒಳಗೋಡೆಗೆ ಟಾರ್ಟಾರ್ ಉಪ್ಪಿನ ಹರಳು ಕವಚದಂತೆ ಕಟ್ಟಿರುತ್ತದೆ, ಹಾಗಾಗಿ ಮರ ರುಚಿ ಬಿಡುವುದಿಲ್ಲ. ರಿಕ್‌ವೀರ್ ಊರಿನ ಹೂಗೆಲ್ ಮನೆತನದ ನೆಲಮಾಳಿಗೆಯಲ್ಲಿ 1715ರ ಪೀಪಾಯಿಯೊಂದು ಇಂದಿಗೂ ಇದೆ. ಸೇಬಿನ ಚೂಪು ಹುಳಿಯನ್ನು ಮೊಸರಿನ ಮೆದು ಹುಳಿಯಾಗಿಸುವ ಬ್ಯಾಕ್ಟೀರಿಯಾದ ಕೆಲಸವನ್ನೂ ಹಲವರು ತಡೆಯುತ್ತಾರೆ. ಬೆಣ್ಣೆ, ವೆನಿಲಾ ವಾಸನೆಯ ಬಿಳಿ ವೈನ್ ಇಷ್ಟಪಡುವವರಿಗೆ ಇಲ್ಲಿ ನಿರಾಸೆಯಾಗಬಹುದು.

ಕ್ರೇಮಾಂ ದಾಲ್ಸಾಸ್ ಇಲ್ಲಿನ ಗುಳ್ಳೆ ವೈನ್, 1976ರಿಂದ ಅಧಿಕೃತ. ಈಗ ಪ್ರಾಂತದ ಉತ್ಪಾದನೆಯಲ್ಲಿ ನಾಲ್ಕನೇ ಒಂದಕ್ಕಿಂತ ಹೆಚ್ಚು ಇದರದೇ. ವಿಧಾನ ಶಾಂಪೇನಿನದೇ: ಕೈಯಲ್ಲಿ ಕೊಯ್ದ ಗೊಂಚಲನ್ನು ಇಡಿಯಾಗಿ ಮೆಲ್ಲನೆ ಹಿಂಡಿ, 150 ಕಿಲೋ ಹಣ್ಣಿನಿಂದ 100 ಲೀಟರಿಗಿಂತ ಹೆಚ್ಚು ರಸ ತೆಗೆಯದೆ ವೈನ್ ಮಾಡುತ್ತಾರೆ. ಬಾಟಲಿಗೆ ತುಂಬುವಾಗ ಲೀಟರಿಗೆ ಸುಮಾರು 24 ಗ್ರಾಂ ಸಕ್ಕರೆ ಮತ್ತು ಯೀಸ್ಟ್ ಸೇರಿಸಿ ಮುಚ್ಚುತ್ತಾರೆ. ಒಳಗೆ ಎರಡನೆಯ ಸಲ ಹುದುಗಿ, ಹೊರಹೋಗಲು ದಾರಿಯಿಲ್ಲದ ಅನಿಲ ವೈನಿನಲ್ಲೇ ಕರಗುತ್ತದೆ. ಯೀಸ್ಟಿನ ಗಸಿಯ ಮೇಲೆ ಕನಿಷ್ಠ 9 ತಿಂಗಳು ಮಲಗಿಸಿಡಬೇಕು. ಶಾಂಪೇನಿಗೆ ಈ ಗಡುವು 12 ತಿಂಗಳು. ಬೆಲೆ ಶಾಂಪೇನಿನ ಅರ್ಧಕ್ಕಿಂತ ಕಡಿಮೆ. ಗುಲಾಬಿ ಬಣ್ಣದ್ದಾದರೆ ಅದು ಪಿನೋ ನ್ವಾರ್‌ನಿಂದ ಮಾತ್ರ.

ಒಳಗಿನ ಒತ್ತಡ ಕಾರಿನ ಟೈರಿನ ಎರಡು ಪಟ್ಟಿಗೂ ಮೇಲೆ. ಆದ್ದರಿಂದ ಚೆನ್ನಾಗಿ ತಣ್ಣಗಾಗದ ಬಾಟಲಿಯನ್ನು ತೆರೆಯಬೇಡಿ. ತಂತಿ ಸಡಿಲಿಸಿದ ಕ್ಷಣದಿಂದ ಹೆಬ್ಬೆರಳು ಬಿರಡೆಯ ಮೇಲಿರಲಿ, ಬಾಟಲಿ ಓರೆಯಾಗಿರಲಿ, ಬಾಯಿ ಯಾರ ಕಡೆಗೂ ತಿರುಗಿರಬಾರದು. ಬಿರಡೆಯನ್ನು ಬಿಗಿಯಾಗಿ ಹಿಡಿದು ಬಾಟಲಿಯನ್ನು ತಿರುಗಿಸಬೇಕು. ಮದುವೆಮನೆಯಲ್ಲಿ ಢಮ್ಮೆಂದು ಹಾರಿಸುವವರು ಕಾಲು ಬಾಟಲಿಯನ್ನು ನೆಲಕ್ಕೆ ಕುಡಿಸುತ್ತಾರೆ.

ಕೊಳ್ಳುವುದು, ತಂಪು ಮಾಡುವುದು

ಮೊದಲ ಸಲ ಮೂರು ಬಾಟಲಿ ಸಾಕು: ರೀಸ್ಲಿಂಗ್ ಸೆಕ್, ಪಿನೋ ಗ್ರಿ ದೆಮಿ-ಸೆಕ್, ಗೆವುರ್ಟ್ಸ್‌ಟ್ರಮಿನರ್ ಮ್ವಲೂ. ನಾಲ್ಕೈದು ಜನ ಸೇರಿ, ಒಬ್ಬೊಬ್ಬರಿಗೆ 60 ಮಿ.ಲೀ. ಸುರಿದು, ಇದೇ ಕ್ರಮದಲ್ಲಿ ರುಚಿ ನೋಡಿ. ತಿರುವುಮುರುವಾದರೆ ಸಿಹಿ ಕುಡಿದ ನಾಲಿಗೆಗೆ ರೀಸ್ಲಿಂಗ್ ಬರೀ ಹುಣಿಸೆ ನೀರಾಗುತ್ತದೆ. ಮೊದಲಿಗೇ ಗ್ರಾಂ ಕ್ರೂಗೆ ದುಡ್ಡು ಸುರಿಯುವುದು ದಂಡ. ಭಾರತದಲ್ಲಿ ಆಮದು ಸುಂಕ, ಅಬಕಾರಿ ಸುಂಕ ಸೇರಿ ಬೆಲೆ ಅಲ್ಲಿಗಿಂತ ಹಲವು ಪಟ್ಟಾಗುವುದರಿಂದ, ವಿದೇಶದಿಂದ ಬರುವವರ ಕೈಯಲ್ಲಿ ತರಿಸುವುದೇ ಹೆಚ್ಚು. ಒಬ್ಬರಿಗೆ 2 ಲೀಟರ್‌ವರೆಗೆ ಸುಂಕವಿಲ್ಲ. ಅಂದರೆ ಎರಡು ಬಾಟಲಿ.

ಬಿಳಿ ವೈನಿಗೆ 8ರಿಂದ 10 ಡಿಗ್ರಿ, ಗ್ರಾಂ ಕ್ರೂ ಆದರೆ 10ರಿಂದ 12, ಕ್ರೇಮಾಂಗೆ 6ರಿಂದ 8, ಪಿನೋ ನ್ವಾರ್‌ಗೆ 14ರ ಆಸುಪಾಸು. ಬೆಂಗಳೂರಿನ ಬೇಸಿಗೆಯಲ್ಲಿ 28 ಡಿಗ್ರಿಯಿರುವ ಬಾಟಲಿಗೆ ಫ್ರಿಜ್ಜಿನಲ್ಲಿ ಎರಡೂವರೆ ಗಂಟೆಯಾದರೂ ಬೇಕು. ಅವಸರವಿದ್ದರೆ ಬಕೆಟ್ಟಿನಲ್ಲಿ ಅರ್ಧ ಐಸು, ಅರ್ಧ ನೀರು, ಒಂದು ಹಿಡಿ ಉಪ್ಪು, 20–25 ನಿಮಿಷ. ನೀರಿಲ್ಲದ ಬರೀ ಐಸು ಗಾಜಿಗೆ ಅಲ್ಲಲ್ಲಿ ಮಾತ್ರ ತಾಗುವುದರಿಂದ ನಿಧಾನ. ಉದ್ದನೆಯ ಕತ್ತು ನೀರಿನಿಂದ ಹೊರಗೇ ಉಳಿಯುತ್ತದೆ, ಆದ್ದರಿಂದ ತೆರೆಯುವ ಮುನ್ನ ಒಂದೆರಡು ಸಲ ತಲೆಕೆಳಗು ಮಾಡಿಡಿ, ಇಲ್ಲದಿದ್ದರೆ ಮೊದಲ ಗ್ಲಾಸು ಬೆಚ್ಚಗಿರುತ್ತದೆ. ತೀರಾ ತಣ್ಣಗಾದರೆ ಪರಿಮಳ ಸಾಯುತ್ತದೆ. 15 ಡಿಗ್ರಿ ದಾಟಿದ ಗೆವುರ್ಟ್ಸ್‌ಟ್ರಮಿನರ್ ಎಣ್ಣೆಯಂತೆ ನಾಲಿಗೆಗೆ ಮೆತ್ತುತ್ತದೆ.

ನಮ್ಮ ಊಟದ ಜೊತೆ ಹೊಂದಿಸುವಾಗ ಎರಡು ಸಂಗತಿ ಕೆಲಸ ಮಾಡುತ್ತವೆ. ಮೆಣಸಿನ ಉರಿಯನ್ನು ಮದ್ಯಸಾರ ಕೆರಳಿಸುತ್ತದೆ, ಸಕ್ಕರೆ ತಣಿಸುತ್ತದೆ. ಅಡುಗೆಯ ಹುಳಿಗಿಂತ ವೈನಿನ ಹುಳಿ ಕಡಿಮೆಯಿದ್ದರೆ ವೈನ್ ಸಪ್ಪೆಯಾಗುತ್ತದೆ. ರವೆ ಹಚ್ಚಿ ಹುರಿದ ಕಾಣೆ ಮೀನಿಗೆ ರೀಸ್ಲಿಂಗ್ ಸೆಕ್ ಅಥವಾ ಸಿಲ್ವನೇರ್. ಕಾಚಂಪುಳಿಯ ಹುಳಿಯೂ ಕಾಳುಮೆಣಸಿನ ಖಾರವೂ ಇರುವ ಕೊಡಗಿನ ಪಂದಿಕರಿಗೆ ಪಿನೋ ಗ್ರಿ ದೆಮಿ-ಸೆಕ್. ತೆಂಗಿನಹಾಲಿನ ಕೋರಿ ಗಸಿಗೆ ಗೆವುರ್ಟ್ಸ್‌ಟ್ರಮಿನರ್ ಹೊಂದುತ್ತದೆ, ಆದರೆ ಹುಣಿಸೆ ಜಾಸ್ತಿಯಾದ ಸಾರಿನ ಮುಂದೆ ಅದು ಸೋಲುತ್ತದೆ. ಅಲ್ಸಾಸಿನವರೇ ಅದನ್ನು ಗಬ್ಬುನಾತದ ಮುನ್‌ಸ್ಟರ್ ಚೀಸಿನ ಜೊತೆ ಸೇವಿಸುತ್ತಾರೆ. ಒಮ್ಮೆ ತಿಂದರೆ ಯಾಕೆಂದು ಗೊತ್ತಾಗುತ್ತದೆ.

ಕೆಟ್ಟದ್ದು ಯಾವುದು, ಅಲ್ಲದ್ದು ಯಾವುದು

ಬಾಟಲಿಯ ತಳದಲ್ಲೋ ಬಿರಡೆಯ ಅಡಿಯಲ್ಲೋ ಕಲ್ಲುಸಕ್ಕರೆಯಂಥ ಬಿಳಿ ಹರಳು ಕಂಡರೆ ಗಾಜಿನ ಚೂರೆಂದು ಹೆದರಬೇಡಿ. ತಂಪಿಗೆ ಕೂಡಿಕೊಂಡ ಟಾರ್ಟಾರ್ ಉಪ್ಪು, ನಿರಪಾಯಕಾರಿ. ತೆರೆದೊಡನೆ ಬೆಂಕಿಕಡ್ಡಿ ಗೀರಿದ ವಾಸನೆ ಬಂದರೆ ಗಂಧಕದ್ದು, ಗ್ಲಾಸಿನಲ್ಲಿ ಐದು ನಿಮಿಷ ಅಲುಗಿಸಿದರೆ ಹೋಗುತ್ತದೆ. ಒದ್ದೆ ರಟ್ಟು, ಮುಗ್ಗಲು ಹಿಡಿದ ಗೋಣಿಚೀಲದ ವಾಸನೆ ಬಂದರೆ ಅದು ಬಿರಡೆಯಿಂದ ಹತ್ತಿದ ದೋಷ. ಎಷ್ಟು ಕಾದರೂ ಹೋಗದು, ಅಂಗಡಿಗೆ ಹಿಂತಿರುಗಿಸಿ. ಎರಡು ಮೂರು ವರ್ಷದ ವೈನ್ ಆಗಲೇ ಚಹಾ ಬಣ್ಣಕ್ಕೆ ತಿರುಗಿದ್ದರೆ ಗಾಳಿ ಹೊಕ್ಕಿದೆ. ಬಿರಡೆ ಕತ್ತಿನಿಂದ ಉಬ್ಬಿ ಬಂದಿದ್ದರೆ, ಹೊರಗೆ ಅಂಟು ಇಳಿದಿದ್ದರೆ ದಾರಿಯಲ್ಲೋ ಗೋದಾಮಿನಲ್ಲೋ ಬಿಸಿಗೆ ಸಿಕ್ಕಿ ಬೆಂದಿದೆ. ನಮ್ಮ ಕಡೆ ಅತಿ ಹೆಚ್ಚು ಕಾಣುವ ಕೆಡುಕು ಇದೇ. ಸಕ್ಕರೆ ಉಳಿದ ವೈನ್ ಕಾರಣವಿಲ್ಲದೆ ಗುಳ್ಳೆಯೇಳುತ್ತಾ ಮಬ್ಬಾಗಿದ್ದರೆ ಬಾಟಲಿಯೊಳಗೆ ಯೀಸ್ಟ್ ಮತ್ತೆ ಎದ್ದಿದೆ.

ಮನೆಯಲ್ಲಿಡುವಾಗ ಅಟ್ಟ, ಅಡುಗೆಮನೆ, ಫ್ರಿಜ್ಜಿನ ನೆತ್ತಿ ಮೂರೂ ಬೇಡ. 12–15 ಡಿಗ್ರಿಯ ವೈನ್ ಫ್ರಿಜ್ ಇಲ್ಲದವರು ಕೂಡಿಡುವ ಆಸೆ ಬಿಟ್ಟು ಒಂದೆರಡು ತಿಂಗಳಲ್ಲಿ ಕುಡಿದು ಮುಗಿಸುವುದು ಜಾಣತನ. ತೆರೆದ ಮೇಲೆ ಬಿರಡೆ ಒತ್ತಿ ಫ್ರಿಜ್ಜಿನಲ್ಲಿಟ್ಟರೆ ರೀಸ್ಲಿಂಗ್ ಮೂರು ನಾಲ್ಕು ದಿನ, ಸಿಹಿಯಾದವು ವಾರ, ಒತ್ತಡದ ಮುಚ್ಚಳ ಹಾಕಿದ ಕ್ರೇಮಾಂ ಒಂದೆರಡು ದಿನ ತಡೆಯುತ್ತವೆ. ಐದನೆಯ ದಿನ ಪರಿಮಳ ಕಳೆದುಕೊಂಡ ರೀಸ್ಲಿಂಗ್ ಅರ್ಧ ಬಾಟಲಿ ಉಳಿದಿದ್ದರೆ ಚೆಲ್ಲಬೇಡಿ. ಅಲ್ಸಾಸಿನ ಅಡುಗೆಮನೆಯಲ್ಲಿ ಕೋಳಿ ತುಂಡುಗಳನ್ನು ಬೆಣ್ಣೆಯಲ್ಲಿ ಹುರಿದು, ಈರುಳ್ಳಿ, ಅಣಬೆ ಹಾಕಿ, ಇದನ್ನೇ ಸುರಿದು ಮುಕ್ಕಾಲು ಗಂಟೆ ಸಣ್ಣ ಉರಿಯಲ್ಲಿ ಬೇಯಿಸಿ, ಕೊನೆಗೆ ಕೆನೆ ಸೇರಿಸುತ್ತಾರೆ. ಕೋಕ್ ಓ ರೀಸ್ಲಿಂಗ್ ಎಂಬುದು ಅದರ ಹೆಸರು.